ನನ್ನ ಮೀನಖಂಡ ಹಿಡಿದುಕೊಳ್ಳುತ್ತಿದೆ, ಅಪ್ಪನ ಕಾಲಲ್ಲಿ ಶಕ್ತಿ ಇಲ್ಲ. ಇಬ್ಬರಿಗೂ ಎಳನೀರು ಕೊಟ್ಟರೆ ಸಾಕಾ?

ಕೌಲ್‌ಬಜಾರ್ ಹುಡುಗ (ಬಳ್ಳಾರಿ), ಭಾನುವಾರ ಬೆಳಿಗ್ಗೆ 9:10

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ಇರುತ್ತೇನೆ, ಬರೆಯುತ್ತಿರುವುದು ಮೊದಲ ಸಲ.

ಕಬ್ಬಿಣದ ಫ್ಯಾಕ್ಟರಿಯಲ್ಲಿ ಫರ್ನೇಸ್ ಹತ್ತಿರ ನನ್ನ ಕೆಲಸ. ಹನ್ನೆರಡು ಗಂಟೆ ಶಿಫ್ಟು. ಹೊರಗೇ 42 ಡಿಗ್ರಿ ಇದೆ, ಒಳಗೆ ಎಷ್ಟಿರುತ್ತದೆ ಅಂತ ನೀವೇ ಲೆಕ್ಕ ಹಾಕಿ. ನೀರಂತೂ ಚೆನ್ನಾಗಿ ಕುಡಿಯುತ್ತೇನೆ, ಶಿಫ್ಟಿಗೆ ಏಳೆಂಟು ಲೀಟರ್. ಆದರೂ ಮೂರು ರಾತ್ರಿಯಿಂದ ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದೆ. ನಿನ್ನೆ ರಾತ್ರಿ ನನ್ನ ಕಿರುಚಾಟಕ್ಕೆ ಪಕ್ಕದ ಮನೆಯವರೂ ಎದ್ದರು.

ಅಪ್ಪನಿಗೆ 66. ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವರು. ಬಿಪಿ, ಶುಗರ್ ಎರಡೂ ಇದೆ. ಒಂದು ವಾರದಿಂದ ಅವರೂ ಕಾಲು ಭಾರ, ಮೆಟ್ಟಿಲು ಹತ್ತಲು ಆಗುವುದಿಲ್ಲ ಅನ್ನುತ್ತಿದ್ದಾರೆ. ಬಿಸಿಲಿಗೆ ಸುಸ್ತು ಅಂತ ದಿನಾ ಎರಡು ಎಳನೀರು ಕೊಡಿಸುತ್ತಿದ್ದೇನೆ. ಬಿಪಿಗೆ ಒಳ್ಳೆಯದು ಅಂತ ಮನೆಯಲ್ಲಿ ಕಡಿಮೆ ಸೋಡಿಯಂ ಉಪ್ಪನ್ನೂ ತಂದಿದ್ದೇವೆ. ಇಬ್ಬರಿಗೂ ಎಳನೀರು ಇನ್ನೊಂದೆರಡು ಜಾಸ್ತಿ ಮಾಡಲಾ? ಅಥವಾ ಓಆರ್‌ಎಸ್ ಥರದ ಪೌಡರ್ ಏನಾದರೂ ತರಲಾ?

ಜಿಮ್ ಬಸ್ಯಾ (ಹೊಸಪೇಟೆ ರೋಡ್), 9:22

ದಿನಾ ಎರಡು ಬಾಳೆಹಣ್ಣು. ಪೊಟ್ಯಾಸಿಯಂ ಕಡಿಮೆ ಆದರೆ ಕಾಲು ಹಿಡಿಯುತ್ತೆ. ಮುಗೀತು ಕಥೆ.

ಇಸಿಜಿ ಅಕ್ಕ (ರಾಯಚೂರು), 9:31

ತಮ್ಮಾ, ನಿನ್ನ ಮೀನಖಂಡ ಆಮೇಲೆ ನೋಡೋಣ. ಮೊದಲು ಅಪ್ಪನ ವಿಷಯ ಹೇಳು. ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ? ಕಿಡ್ನಿ ಟೆಸ್ಟ್ ಯಾವಾಗ ಮಾಡಿಸಿದ್ದು? ಕ್ರಿಯಾಟಿನಿನ್, ಅದೇ ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಅಂಶ, ಎಷ್ಟಿತ್ತು? ಚೀಟಿ ನೋಡಿ ಈಗಲೇ ಬರಿ.

ಕೌಲ್‌ಬಜಾರ್ ಹುಡುಗ, 9:48

ಅಕ್ಕಾ, ಚೀಟಿ ಸಿಕ್ಕಿತು. ಬಿಪಿಗೆ ಟೆಲ್ಮಿಸಾರ್ಟನ್ 40, ಶುಗರಿಗೆ ಮೆಟ್‌ಫಾರ್ಮಿನ್, ಆಮೇಲೆ ಸ್ಪೈರೊನೊಲ್ಯಾಕ್ಟೋನ್ 25. ಕಾಲು ಬಾವು ಬಂದಾಗ ಕೊನೆಯದನ್ನು ಶುರು ಮಾಡಿದ್ದರು. ಮಂಡಿ ನೋವಿಗೆ ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನೂ ಆಗಾಗ ನುಂಗುತ್ತಾರೆ. ಕ್ರಿಯಾಟಿನಿನ್ ಹೋದ ಯುಗಾದಿ ಹೊತ್ತಿಗೆ 1.9 ಇತ್ತು. ಆಮೇಲೆ ಮಾಡಿಸಿಲ್ಲ.

ಇಸಿಜಿ ಅಕ್ಕ, 9:55

ಎಳನೀರು, ಬಾಳೆಹಣ್ಣು, ಆ ಉಪ್ಪು ಮೂರನ್ನೂ ಈಗಿಂದೀಗಲೇ ನಿಲ್ಲಿಸು. ಪೌಡರ್ ಕೊಡಲೇಬೇಡ. ನೋವಿನ ಮಾತ್ರೆಯೂ ಬೇಡ. ಉಳಿದ ಮಾತ್ರೆಗಳ ಬಗ್ಗೆ ನೀನೇ ತೀರ್ಮಾನ ಮಾಡಬೇಡ, ಡಬ್ಬಿ ಸಮೇತ ತೆಗೆದುಕೊಂಡು ದೊಡ್ಡಾಸ್ಪತ್ರೆಗೆ ಹೋಗು. ನಾಳೆ ಅಲ್ಲ, ಇವತ್ತು. ಭಾನುವಾರ ಒಪಿಡಿ ಇರುವುದಿಲ್ಲ, ಎಮರ್ಜೆನ್ಸಿಗೇ ಹೋಗು. ಇಸಿಜಿ, ಪೊಟ್ಯಾಸಿಯಂ, ಸೋಡಿಯಂ, ಕ್ರಿಯಾಟಿನಿನ್ ನಾಲ್ಕೂ ಬೇಕು ಅಂತ ಹೇಳು.

ಯಾಕೆ ಅಂತ ಕೇಳಿದರೆ: ಪೊಟ್ಯಾಸಿಯಂ ಕಡಿಮೆಯಾದರೂ ಕಾಲಲ್ಲಿ ಶಕ್ತಿ ಹೋಗುತ್ತದೆ, ಜಾಸ್ತಿಯಾದರೂ ಹೋಗುತ್ತದೆ. ಮುಟ್ಟಿ ನೋಡಿ ಯಾವುದು ಅಂತ ಹೇಳಲು ಯಾರಿಂದಲೂ ಆಗದು. ನಾವು ತಿಂದ ಪೊಟ್ಯಾಸಿಯಂನ ಬಹುಪಾಲನ್ನು ಹೊರಗೆ ಹಾಕುವುದು ಕಿಡ್ನಿ. ನಿಮ್ಮಪ್ಪನ ಕಿಡ್ನಿ ಸುಸ್ತಾಗಿದೆ. ಮೇಲಿಂದ ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಎರಡೂ ಪೊಟ್ಯಾಸಿಯಂ ಒಳಗೇ ಹಿಡಿದಿಡುವ ಮಾತ್ರೆಗಳು. ನೋವಿನ ಮಾತ್ರೆ ಕಿಡ್ನಿಯ ಕೈ ಇನ್ನಷ್ಟು ಕಟ್ಟುತ್ತದೆ. ಬಾಗಿಲು ಹಾಕಿದ ಮನೆಗೆ ನೀನು ದಿನಾ ಎರಡು ಎಳನೀರು ಸುರಿಯುತ್ತಿದ್ದೀಯ.

ನಾನು ಡಾಕ್ಟರ್ ಅಲ್ಲ, ಇಸಿಜಿ ತೆಗೆಯುವವಳು. ಹದಿನಾಲ್ಕು ವರ್ಷದಿಂದ ಆ ಪಟ್ಟಿ ನೋಡುತ್ತಿದ್ದೇನೆ. ಅದಕ್ಕೇ ಹೇಳುತ್ತಿರುವುದು.

ಹಳೇ ಕಾಲದ ಮನುಷ್ಯ (ಲಿಂಗಸುಗೂರು), 10:20

ಎಳನೀರಿಗೂ ಹೆದರಿಸುತ್ತೀರಲ್ರೀ! ನಮ್ಮಜ್ಜ 90 ವರ್ಷ ಬದುಕಿದ. ಒಂದು ಟೆಸ್ಟ್ ಇಲ್ಲ, ಒಂದು ಮಾತ್ರೆ ಇಲ್ಲ. ಜೋಳದ ರೊಟ್ಟಿ, ಪುಂಡಿ ಪಲ್ಯ, ಮಜ್ಜಿಗೆ.

ಇಸಿಜಿ ಅಕ್ಕ, 10:24

ಅಜ್ಜಾರೇ, ನಿಮ್ಮಜ್ಜ ಸ್ಪೈರೊನೊಲ್ಯಾಕ್ಟೋನ್ ನುಂಗುತ್ತಿರಲಿಲ್ಲ. ಕಿಡ್ನಿ ಚೆನ್ನಾಗಿದ್ದವರಿಗೆ ಎಳನೀರು ಅಮೃತವೇ, ನಾನೂ ಕುಡಿಯುತ್ತೇನೆ.

ಮಾತ್ರೆ ಅಂಗಡಿ (ಸಿಂಧನೂರು), 10:52

ಅಕ್ಕ ಹೇಳಿದ್ದು ಸರಿ. ಲೆಕ್ಕ ಹಾಕಿಯೇ ತೋರಿಸುತ್ತೇನೆ, ನಂಬಿಕೆ ಬರಲಿ.

ಒಂದು ಲೋಟ ಎಳನೀರಿನಲ್ಲಿ ಸುಮಾರು 500ರಿಂದ 600 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಒಂದು ಬಾಳೆಹಣ್ಣಿನಲ್ಲಿ 400ರ ಆಸುಪಾಸು. ಇನ್ನು ಆ ಕಡಿಮೆ ಸೋಡಿಯಂ ಉಪ್ಪು. ಸೋಡಿಯಂ ಕಡಿಮೆ ಮಾಡಿದ ಜಾಗಕ್ಕೆ ಏನು ಹಾಕಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಅದರ ತೂಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಪೊಟ್ಯಾಸಿಯಂದೇ. ಪ್ಯಾಕೆಟ್ಟಿನಲ್ಲಿ ನೂರಕ್ಕೆ ಮೂವತ್ತು ಪಾಲು ಅದೇ ಇದ್ದರೆ, ದಿನಕ್ಕೆ 5 ಗ್ರಾಂ ಉಪ್ಪು ತಿಂದವರಿಗೆ 780 ಮಿಲಿಗ್ರಾಂ ಹತ್ತಿರ ಹೆಚ್ಚುವರಿ ಪೊಟ್ಯಾಸಿಯಂ. ನಮ್ಮ ಕಡೆ 5 ಗ್ರಾಂಗೆ ಯಾರು ನಿಲ್ಲುತ್ತಾರೆ? ಮಿರ್ಚಿ, ಚಟ್ನಿಪುಡಿ, ಉಪ್ಪಿನಕಾಯಿ ಲೆಕ್ಕಕ್ಕೇ ಬರುವುದಿಲ್ಲ.

ಹಾಗಂತ ಆ ಉಪ್ಪು ಕೆಟ್ಟದ್ದಲ್ಲ. ಬಿಪಿ ಇದ್ದು ಕಿಡ್ನಿ ಸರಿ ಇದ್ದವರಿಗೆ ಒಳ್ಳೆಯದೇ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಅದನ್ನು ಬಳಸಬಹುದು ಅಂತಲೇ ಹೇಳಿತು, ಆದರೆ ಕಿಡ್ನಿ ತೊಂದರೆ ಇರುವವರನ್ನು ಹೊರಗಿಟ್ಟು ಹೇಳಿತು. ಪ್ಯಾಕೆಟ್ಟಿನ ಹಿಂದೆಯೂ ಸಣ್ಣ ಅಕ್ಷರದಲ್ಲಿ ಎಚ್ಚರಿಕೆ ಇರುತ್ತದೆ. ಇರುವೆ ಸಾಲಿನಷ್ಟು ಸಣ್ಣದು. ನನ್ನ ಕನ್ನಡಕಕ್ಕೂ ಕಾಣುವುದಿಲ್ಲ.

ಕುಷ್ಟಗಿ ಮೇಷ್ಟ್ರು, 11:40

ಮಕ್ಕಳಿಗೆ ಇದನ್ನು ಹೇಗೆ ಹೇಳುತ್ತೇನೆ ಅಂತ ಬರೆಯುತ್ತೇನೆ, ಉಪಯೋಗಕ್ಕೆ ಬಂದರೂ ಬರಬಹುದು.

ತುಂಗಭದ್ರಾ ಡ್ಯಾಂ ನೋಡಿದ್ದೀರಲ್ಲ, 33 ಗೇಟು. ಡ್ಯಾಂನ ಶಕ್ತಿ ಇರುವುದು ನೀರಲ್ಲಿ ಅಲ್ಲ, ಎರಡು ಕಡೆಯ ಮಟ್ಟದ ವ್ಯತ್ಯಾಸದಲ್ಲಿ. ಮೇಲೆ ತುಂಬಿ, ಕೆಳಗೆ ಖಾಲಿ ಇದ್ದರೆ ತಾನೇ ಗೇಟು ಎತ್ತಿದಾಗ ನೀರು ನುಗ್ಗುವುದು? ಸ್ನಾಯುವಿನ ಒಂದೊಂದು ಕೋಶವೂ ಹೀಗೇ. ಹೊರಗೆ ಸೋಡಿಯಂ ಜಾಸ್ತಿ, ಒಳಗೆ ಪೊಟ್ಯಾಸಿಯಂ ಜಾಸ್ತಿ. ಮೈಯಲ್ಲಿರುವ ಪೊಟ್ಯಾಸಿಯಂನಲ್ಲಿ ನೂರಕ್ಕೆ 98 ಪಾಲು ಕೋಶಗಳ ಒಳಗೇ ಇದೆ. ರಕ್ತದಲ್ಲಿ ಓಡಾಡುವುದು ಉಳಿದ ಚೂರಿನಲ್ಲೂ ಒಂದು ಚೂರು. ನರದಿಂದ ಸುದ್ದಿ ಬಂದಾಗ ಸೋಡಿಯಂ ಗೇಟು ತೆರೆಯುತ್ತದೆ, ಸೋಡಿಯಂ ಒಳಗೆ ನುಗ್ಗುತ್ತದೆ, ಸ್ನಾಯು ಬಿಗಿಯುತ್ತದೆ. ಆಮೇಲೆ ಮತ್ತೆ ಮಟ್ಟ ಸರಿ ಮಾಡಬೇಕಲ್ಲ, ಅದಕ್ಕೊಂದು ಪಂಪು. ಮೂರು ಸೋಡಿಯಂ ಹೊರಗೆ ತಳ್ಳಿ ಎರಡು ಪೊಟ್ಯಾಸಿಯಂ ಒಳಗೆ ಎಳೆಯುತ್ತದೆ. ಡೆನ್ಮಾರ್ಕ್‌ನ ಯೆನ್ಸ್ ಸ್ಕೋ ಎಂಬುವರು 1957ರಲ್ಲಿ ಇದನ್ನು ಕಂಡುಹಿಡಿದರು, ನೊಬೆಲ್ ಬಂದದ್ದು 1997ರಲ್ಲಿ. ನಾವು ಸುಮ್ನೆ ಮಲಗಿದ್ದಾಗ ಖರ್ಚಾಗುವ ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲು ಈ ಪಂಪಿನ ಕರೆಂಟ್ ಬಿಲ್ಲು.

ಈಗ ರಕ್ತದಲ್ಲಿ ಪೊಟ್ಯಾಸಿಯಂ ಏರಿತು ಅಂದುಕೊಳ್ಳಿ. ಒಳಗೂ ಹೊರಗೂ ಇರುವ ವ್ಯತ್ಯಾಸ ಕಡಿಮೆಯಾಗುತ್ತದೆ. ಒಂದು ಸಲ ತೆರೆದು ಮುಚ್ಚಿದ ಗೇಟು ಮತ್ತೆ ತೆರೆಯಲು ಸಿದ್ಧವಾಗುವುದೇ ಇಲ್ಲ, ಜಾಮ್. ಕಾಲಲ್ಲಿ ಜಾಮ್ ಆದರೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಹೃದಯದಲ್ಲಿ ಜಾಮ್ ಆದರೆ ಬಡಿತ ನಿಧಾನವಾಗಿ, ಅಡ್ಡಾದಿಡ್ಡಿಯಾಗಿ, ನಿಂತೂ ಹೋಗಬಹುದು. 2024ರ ಆಗಸ್ಟ್ 10ರ ರಾತ್ರಿ ನಮ್ಮ ಡ್ಯಾಂನ 19ನೇ ಗೇಟಿನ ಚೈನ್ ಕಿತ್ತು ಹೋದಾಗ ನಾಲ್ಕು ಜಿಲ್ಲೆ ನಿದ್ದೆ ಮಾಡಲಿಲ್ಲ. ಒಂದು ಗೇಟಿಗೇ ಹಾಗೆ.

ಇನ್ನೊಂದು ಕಥೆ ಇದೆ. ವಿಷಯದಿಂದ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಕ್ಷಮಿಸಿ. ಲಂಡನ್‌ನಲ್ಲಿ ಸಿಡ್ನಿ ರಿಂಗರ್ ಎಂಬ ಡಾಕ್ಟರ್ 1880ರ ದಶಕದ ಶುರುವಿನಲ್ಲಿ ಕಪ್ಪೆಯ ಹೃದಯವನ್ನು ಹೊರಗೆ ತೆಗೆದು ಉಪ್ಪು ನೀರಿನಲ್ಲಿ ಇಟ್ಟು ನೋಡುತ್ತಿದ್ದರು. ಚೆನ್ನಾಗಿ ಬಡಿಯುತ್ತಿತ್ತು. ಆಮೇಲೆ ಗೊತ್ತಾಯಿತು, ಆ ದ್ರಾವಣಕ್ಕೆ ಬಳಸಿದ್ದು ಭಟ್ಟಿ ಇಳಿಸಿದ ನೀರಲ್ಲ, ನಲ್ಲಿ ನೀರು. ಶುದ್ಧ ನೀರಿನಲ್ಲಿ ಮಾಡಿದರೆ ಹೃದಯ ಸ್ವಲ್ಪ ಹೊತ್ತಿಗೆ ನಿಂತೇ ಹೋಯಿತು! ನಲ್ಲಿ ನೀರಿನ ಗಡಸಿನಲ್ಲಿದ್ದ ಕ್ಯಾಲ್ಸಿಯಂ ಅದನ್ನು ಬಡಿಸುತ್ತಿತ್ತು. 1883ರಲ್ಲಿ ಅದನ್ನು ಬರೆದರು. ಆಸ್ಪತ್ರೆಯಲ್ಲಿ ಹಾಕುವ ರಿಂಗರ್ ಲ್ಯಾಕ್ಟೇಟ್ ಬಾಟಲಿಯಲ್ಲಿರುವುದು ಅವರದೇ ಹೆಸರು.

ಜಿಮ್ ಬಸ್ಯಾ, 11:58

ಮೇಷ್ಟ್ರೇ ನಿಮ್ಮ ಕ್ಲಾಸಿನಲ್ಲಿ ಕೂತಿದ್ದರೆ ನಾನೂ ಪಾಸಾಗುತ್ತಿದ್ದೆ 😄

ಕೌಲ್‌ಬಜಾರ್ ಹುಡುಗ, ಮಧ್ಯಾಹ್ನ 3:35

ಆಸ್ಪತ್ರೆಯಿಂದಲೇ ಬರೆಯುತ್ತಿದ್ದೇನೆ. ಪೊಟ್ಯಾಸಿಯಂ 6.7 ಬಂದಿದೆ. ಪಕ್ಕದಲ್ಲಿ 3.5ರಿಂದ 5.0 ಅಂತ ಬರೆದಿದೆ. ಕ್ರಿಯಾಟಿನಿನ್ 2.8. ನಾಡಿ 48. ಇಸಿಜಿ ತೆಗೆದ ತಕ್ಷಣ ಡಾಕ್ಟರ್ ಓಡಿ ಬಂದರು. ಅಪ್ಪ ಮಾತಾಡುತ್ತಲೇ ಇದ್ದಾರೆ, ನನಗೇನಾಗಿದೆ ಮನೆಗೆ ನಡಿ ಅಂತ ಬೈಯುತ್ತಿದ್ದಾರೆ. ನನ್ನ ಕೈ ನಡುಗುತ್ತಿದೆ.

ಕೊಪ್ಪಳ ಕೋಟೆ, 3:41

ಹೆದರಬೇಡಿ ಅಣ್ಣ. ನಮ್ಮಮ್ಮನಿಗೂ ಒಮ್ಮೆ 6.3 ಅಂತ ಬಂದಿತ್ತು, ಮತ್ತೆ ರಕ್ತ ತೆಗೆದು ನೋಡಿದರೆ 4.4. ಲ್ಯಾಬಿನವರ ತಪ್ಪು. ನಿಮ್ಮದೂ ಹಾಗೇ ಇರಬಹುದು.

ಇಸಿಜಿ ಅಕ್ಕ, 3:50

ಕೊಪ್ಪಳದ ತಂಗಿ, ನೀನು ಹೇಳಿದ್ದು ಆಗುತ್ತದೆ. ರಕ್ತ ತೆಗೆಯುವಾಗ ಕೈಗೆ ಪಟ್ಟಿ ಬಿಗಿದು ಮುಷ್ಟಿ ಹಿಸುಕಿ ಹಿಸುಕಿ ಮಾಡಿಸಿದರೆ, ಇಲ್ಲ ಸೂಜಿಯಲ್ಲಿ ರಕ್ತಕಣ ಒಡೆದರೆ, ಕಣದೊಳಗಿನ ಪೊಟ್ಯಾಸಿಯಂ ಹೊರಗೆ ಸೋರಿ ಸುಳ್ಳು ಲೆಕ್ಕ ಬರುತ್ತದೆ. ಅದಕ್ಕೇ ಚೆನ್ನಾಗಿರುವ ಮನುಷ್ಯನಿಗೆ ಇದ್ದಕ್ಕಿದ್ದಂತೆ ಜಾಸ್ತಿ ಬಂದರೆ ಎರಡನೇ ಸಲ ತೆಗೆಯುತ್ತಾರೆ. ಆದರೆ ಇಲ್ಲಿ ನಾಡಿ 48, ಕ್ರಿಯಾಟಿನಿನ್ 2.8, ಇಸಿಜಿಯೂ ಕೆಟ್ಟಿದೆ. ಇದು ಲ್ಯಾಬಿನ ತಪ್ಪಲ್ಲ. ಹೀಗಿದ್ದಾಗ ಎರಡನೇ ರಿಪೋರ್ಟಿಗೆ ಕಾಯುತ್ತಾ ಕೂರುವುದಿಲ್ಲ.

ತಮ್ಮಾ, ಪಟ್ಟಿ ನೋಡಿದೆಯಾ? ದೊಡ್ಡ ಗೆರೆ ಆದ ಮೇಲೆ ಒಂದು ಸಣ್ಣ ಗುಡ್ಡ ಬರುತ್ತದೆ, ಟಿ ಅಲೆ ಅಂತ. ಅದು ಹಂಪಿಯ ಬಂಡೆಯ ಹಾಗೆ ದುಂಡಗೆ, ಮೆತ್ತಗೆ ಇರಬೇಕು. ಪೊಟ್ಯಾಸಿಯಂ ಏರಿದಾಗ ಅದು ಗುಡಾರದ ತುದಿಯ ಹಾಗೆ ಚೂಪಾಗಿ ಎದ್ದು ನಿಲ್ಲುತ್ತದೆ. ಕೂತರೆ ಚುಚ್ಚೀತು ಅನ್ನಿಸಬೇಕು. ಇನ್ನೂ ಏರಿದರೆ ದೊಡ್ಡ ಗೆರೆಗಿಂತ ಮೊದಲು ಬರುವ ಸಣ್ಣ ಪಿ ಅಲೆ ಅಳಿಸಿ ಹೋಗುತ್ತದೆ, ದೊಡ್ಡ ಗೆರೆ ಅಗಲವಾಗುತ್ತಾ ಹೋಗುತ್ತದೆ. ಅಲ್ಲಿಗೆ ಬಂದರೆ ನಮ್ಮ ಎದೆಯೂ ಬಡಿದುಕೊಳ್ಳುತ್ತದೆ. ಕೆಲವರಿಗೆ ಪೊಟ್ಯಾಸಿಯಂ ಜಾಸ್ತಿ ಇದ್ದರೂ ಪಟ್ಟಿ ಸರಿಯಾಗೇ ಕಾಣುತ್ತದೆ, ಅದೊಂದು ಮೋಸ.

ಈಗ ಅವರು ಮೊದಲು ಕ್ಯಾಲ್ಸಿಯಂ ಕೊಡುತ್ತಾರೆ, ನಿಧಾನವಾಗಿ. ಅದು ಪೊಟ್ಯಾಸಿಯಂ ಇಳಿಸುವುದಿಲ್ಲ, ಹೃದಯಕ್ಕೆ ಕೊಡೆ ಹಿಡಿಯುತ್ತದೆ. ಕೆಲವೇ ನಿಮಿಷದಲ್ಲಿ ಕೆಲಸ ಮಾಡುತ್ತದೆ. ಆಮೇಲೆ ಇನ್ಸುಲಿನ್ ಮತ್ತು ಗ್ಲೂಕೋಸ್. ಅಪ್ಪನಿಗೆ ಶುಗರ್ ಇದೆ, ಗ್ಲೂಕೋಸ್ ಯಾಕೆ ಹಾಕುತ್ತೀರಿ ಅಂತ ಜಗಳ ಮಾಡಬೇಡ. ಇನ್ಸುಲಿನ್ ಪೊಟ್ಯಾಸಿಯಂ ಅನ್ನು ಕೋಶದ ಒಳಗೆ ತಳ್ಳುತ್ತದೆ, ಶುಗರ್ ತೀರಾ ಇಳಿಯದಿರಲಿ ಅಂತ ಗ್ಲೂಕೋಸ್. ಅಸ್ತಮಾದವರಿಗೆ ಕೊಡುವ ಹೊಗೆ ಔಷಧಿಯನ್ನೂ ಮೂಗಿಗೆ ಇಡಬಹುದು, ಅದೂ ಒಳಗೆ ತಳ್ಳುವುದಕ್ಕೇ. ಇವೆಲ್ಲಾ ತಾತ್ಕಾಲಿಕ. ಕಡೆಗೆ ಮೂತ್ರದಲ್ಲೋ, ಮಲದಲ್ಲೋ, ಡಯಾಲಿಸಿಸ್‌ನಲ್ಲೋ ಹೊರಗೆ ಹೋಗಲೇಬೇಕು.

ಗಂಗಾವತಿ ಭತ್ತ, ಸಂಜೆ 5:15

ಕೌಲ್‌ಬಜಾರ್ ತಮ್ಮಾ, ಅಪ್ಪ ಸರಿಹೋಗುತ್ತಾರೆ. ನಮ್ಮ ಮನೆಯಲ್ಲಿ ಆದದ್ದು ಇದರ ಪೂರಾ ಉಲ್ಟಾ.

ನನ್ನ ತಮ್ಮನಿಗೆ ಆಗ 27. ಕಲ್ಲು ಹೊರುವ ಮೈ. ಚಿಕ್ಕಪ್ಪನ ಮಗಳ ಮದುವೆಯಲ್ಲಿ ರಾತ್ರಿ ಒಂದು ಗಂಟೆವರೆಗೆ ಶಾಮಿಯಾನ ಕಟ್ಟಿ, ಹೋಳಿಗೆ, ಅನ್ನ ಹೊಟ್ಟೆ ಬಿರಿಯೆ ತಿಂದು ಮಲಗಿದ. ಬೆಳಗಿನ ಜಾವ ಕೂಗಿಕೊಂಡ. ಹೋಗಿ ನೋಡಿದರೆ ಎರಡೂ ಕಾಲು ಎತ್ತಲು ಆಗುತ್ತಿಲ್ಲ. ಮುಟ್ಟಿದರೆ ಗೊತ್ತಾಗುತ್ತದೆ, ಚಿವುಟಿದರೆ ಅಯ್ಯೋ ಅನ್ನುತ್ತಾನೆ, ಎತ್ತು ಅಂದರೆ ಆಗದು. ಲಕ್ವ ಹೊಡೆಯಿತು ಅಂತ ಅಮ್ಮ ಅಲ್ಲೇ ಕುಸಿದರು. ಹತ್ತಿರದಲ್ಲಿ ಸೂಜಿ ಹಾಕುವವರೊಬ್ಬರು ಸುಸ್ತಾಗಿದೆ ಅಂತ ಒಂದು ಬಾಟಲಿ ಗ್ಲೂಕೋಸ್ ಏರಿಸಿದರು. ಅರ್ಧ ಬಾಟಲಿ ಹೋಗುವಷ್ಟರಲ್ಲಿ ಕೈಯೂ ಬಿದ್ದು ಹೋಯಿತು.

ದೊಡ್ಡಾಸ್ಪತ್ರೆಯಲ್ಲಿ ನೋಡಿದರೆ ಪೊಟ್ಯಾಸಿಯಂ 2.0. ಮೊದಲು ಆ ಗ್ಲೂಕೋಸ್ ತೆಗೆಯಿರಿ ಅಂದರು. ಅಕ್ಕ ಈಗ ಹೇಳಿದ್ದೇ ಕಾರಣ. ಸಿಹಿ, ಅನ್ನ ಜಾಸ್ತಿ ತಿಂದರೆ ಇನ್ಸುಲಿನ್ ಏರುತ್ತದೆ, ಇನ್ಸುಲಿನ್ ರಕ್ತದ ಪೊಟ್ಯಾಸಿಯಂ ಅನ್ನೆಲ್ಲ ಕೋಶದೊಳಗೆ ಗುಡಿಸಿ ಹಾಕುತ್ತದೆ. ನಿಮ್ಮಪ್ಪನಿಗೆ ಔಷಧಿಯಾದದ್ದೇ ನನ್ನ ತಮ್ಮನಿಗೆ ವಿಷ. ಪೊಟ್ಯಾಸಿಯಂ ಸಿರಪ್ ಸ್ವಲ್ಪ ಸ್ವಲ್ಪ ಕುಡಿಸಿದರು, ಎದೆಗೆ ಮಾನಿಟರ್ ಹಚ್ಚಿದರು. ಆ ಸಿರಪ್ಪಿನ ರುಚಿ ಅವನಿಗೆ ಇವತ್ತಿಗೂ ನೆನಪಿದೆ, ಬ್ಯಾಟರಿ ನೆಕ್ಕಿದ ಹಾಗೆ ಅನ್ನುತ್ತಾನೆ. ಸಂಜೆ ಐದಕ್ಕೆ ತಾನೇ ಎದ್ದು ಬಚ್ಚಲಿಗೆ ಹೋದ.

ಆಮೇಲೆ ಗೊತ್ತಾಯಿತು, ಥೈರಾಯ್ಡ್ ಜಾಸ್ತಿ ಇತ್ತು. ನಮ್ಮ ಏಷ್ಯಾದ ಗಂಡಸರಲ್ಲಿ ಥೈರಾಯ್ಡ್ ಏರಿದಾಗ ಇದು ಆಗುವುದುಂಟಂತೆ. ಮೂರು ತಿಂಗಳಿಂದ ಕೈ ನಡುಗುತ್ತಿತ್ತು, ತೂಕ ಇಳಿದಿತ್ತು. ಮದುವೆ ಕೆಲಸದ ಓಡಾಟ ಅಂದುಕೊಂಡಿದ್ದೆವು. ಥೈರಾಯ್ಡ್ ಸರಿಯಾದ ಮೇಲೆ ಇವತ್ತಿನವರೆಗೆ ಬಂದಿಲ್ಲ.

ಹಳೇ ಕಾಲದ ಮನುಷ್ಯ, 5:33

ಹೋಳಿಗೆಯನ್ನೂ ಬಿಡಲಿಲ್ಲ ಇವರು.

ಬಿಸಿಲೂರು (ರಾಯಚೂರು), 6:20

ಎಲ್ಲರೂ ಪೊಟ್ಯಾಸಿಯಂ ಹಿಂದೆ ಬಿದ್ದಿದ್ದೀರಿ, ಸೋಡಿಯಂದೂ ಒಂದು ಹೇಳುತ್ತೇನೆ. ನಮ್ಮಜ್ಜಿ, 78. ಬಿಪಿ ಮಾತ್ರೆಯ ಜೊತೆ ನೀರು ಹೋಗುವ ಮಾತ್ರೆಯೂ ಸೇರಿತ್ತು. ಯಾರೋ ಹೇಳಿದರು ಅಂತ ಉಪ್ಪು ಪೂರ್ತಿ ಬಿಟ್ಟರು, ಸಪ್ಪೆ ಗಂಜಿ. ಮೇ ತಿಂಗಳು, ಸೆಕೆ ಅಂತ ತಂಬಿಗೆಗಟ್ಟಲೆ ನೀರು. ಒಂದು ದಿನ ಸತ್ತುಹೋದ ಅಜ್ಜನ ಜೊತೆ ಮಾತಾಡಲು ಶುರು ಮಾಡಿದರು. ನನ್ನನ್ನು ತನ್ನ ತಂಗಿ ಅಂದುಕೊಂಡರು. ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಿದೆವು, ಹೌದು, ನಾನು ಡಿಗ್ರಿ ಓದಿದವಳು, ನಾನೂ ಸುಮ್ಮನಿದ್ದೆ. ಎರಡನೇ ದಿನ ಫಿಟ್ಸ್ ಬಂತು.

ಸೋಡಿಯಂ 114. ಇರಬೇಕಾದ್ದು 135ರಿಂದ 145. ಬೇಗ ಏರಿಸಿ ಡಾಕ್ಟ್ರೇ ಅಂದರೆ, ಬೇಗ ಏರಿಸಿದರೆ ಮೆದುಳಿಗೆ ಪೆಟ್ಟು, 24 ಗಂಟೆಗೆ ಎಂಟು ಹತ್ತಕ್ಕಿಂತ ಜಾಸ್ತಿ ಏರಿಸುವುದಿಲ್ಲ ಅಂದರು. ನಾಲ್ಕು ದಿನ ಬೇಕಾಯಿತು. ನಾಲ್ಕನೇ ದಿನ ಅಜ್ಜಿ ಕೈ ನೋಡಿಕೊಂಡು, ಈ ತಾಯಿತ ಯಾರು ಕಟ್ಟಿದ್ದು ಅಂತ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ.

ಗಣಿ ರಿಟೈರ್ಡ್ (ಹಟ್ಟಿ), ರಾತ್ರಿ 8:05

ಆ ಹುಡುಗನ ಮೀನಖಂಡ ಎಲ್ಲರೂ ಮರೆತರು. ನಾನು ಚಿನ್ನದ ಗಣಿಯಲ್ಲಿ ನೆಲದ ಕೆಳಗೆ 29 ವರ್ಷ ದುಡಿದವನು, ಈ ನೋವು ನನಗೆ ಗೊತ್ತು. ಕೇಳು ಮಗಾ. ಶಿಫ್ಟು ಮುಗಿಸಿ ಅಂಗಿ ಒಣಗಿಸಿದಾಗ ಬೆನ್ನಿನ ಮೇಲೆ ಬಿಳಿ ಗೆರೆ ಬೀಳುತ್ತದಾ? ಬಿದ್ದರೆ ನಿನ್ನ ಮೈಯಿಂದ ಹೋಗಿದ್ದು ಉಪ್ಪು, ಬಾಳೆಹಣ್ಣಲ್ಲ. ನೀನು ತುಂಬಿಸಿದ್ದು ಬರೀ ನೀರು. ಸಾರಿಗೆ ಬರೀ ನೀರು ಸುರಿದ ಹಾಗಾಯಿತು.

ನಾವು ಬುತ್ತಿ ಜೊತೆ ಮಜ್ಜಿಗೆ ಒಯ್ಯುತ್ತಿದ್ದೆವು, ಉಪ್ಪು, ಜೀರಿಗೆ ಹಾಕಿ. ಅದನ್ನು ಮರೆತು ಬಂದ ದಿನ ಕೈಬೆರಳೇ ಸೆಟೆದುಕೊಂಡು ಸುತ್ತಿಗೆ ಬಿಡಿಸಲು ಇನ್ನೊಬ್ಬ ಬೇಕಾಗುತ್ತಿತ್ತು.

ಮಾತ್ರೆ ಅಂಗಡಿ, 8:40

ಗಣಿ ಅಣ್ಣ ಹೇಳಿದ್ದಕ್ಕೆ ಲೆಕ್ಕವೂ ಇದೆ. ಒಂದು ಲೀಟರ್ ಬೆವರಿನಲ್ಲಿ ಒಂದರಿಂದ ನಾಲ್ಕು ಗ್ರಾಂ ಉಪ್ಪು ಹೋಗುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಥರ. ಪೊಟ್ಯಾಸಿಯಂ ಹೋಗುವುದು ಅದರ ಮುಂದೆ ಸ್ವಲ್ಪವೇ. ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ 1920ರ ದಶಕದಲ್ಲೇ ಇದನ್ನು ಗಮನಿಸಿದ್ದರು, ಉಪ್ಪು ಹಾಕಿದ ನೀರು ಕೊಟ್ಟರೆ ಕಾರ್ಮಿಕರ ಸೆಳೆತ ಕಡಿಮೆಯಾಗುತ್ತಿತ್ತು. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಹಾಗಾಗಿ ಫರ್ನೇಸ್ ಕೆಲಸದವನಿಗೆ ಅದೊಂದೇ ಸಾಲದು.

ಓಆರ್‌ಎಸ್ ತರುವುದಾದರೆ ಅಸಲಿ ಪೊಟ್ಟಣ ತನ್ನಿ. ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಸೋಡಿಯಂ ಸಿಟ್ರೇಟ್ 2.9. ಡಬ್ಬಿ ಜ್ಯೂಸಿಗೆ ಓಆರ್‌ಎಸ್ ಅಂತ ಹೆಸರಿಟ್ಟು ಬರೀ ಸಕ್ಕರೆ ನೀರು ಮಾರುತ್ತಿದ್ದ ಕಾಲ ಇತ್ತು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತೆಯವರು ಆ ಹೆಸರು ಹಾಗೆ ಬಳಸುವಂತಿಲ್ಲ ಅಂದರು. ದೊಡ್ಡ ಪೊಟ್ಟಣವನ್ನು ಒಂದು ಲೀಟರಿಗೇ ಕಲಸಬೇಕು. ಲೋಟಕ್ಕೆ ಒಂದು ಚಿಟಿಕೆ ಹಾಕಿ ಉಳಿದದ್ದನ್ನು ರಬ್ಬರ್ ಬ್ಯಾಂಡ್ ಸುತ್ತಿ ಇಡುವವರೇ ನನ್ನ ಗಿರಾಕಿಗಳಲ್ಲಿ ಜಾಸ್ತಿ. ಪೊಟ್ಟಣ ಸಿಗಲಿಲ್ಲ ಅಂದರೆ ಒಂದು ಲೀಟರ್ ನೀರು, ಸಮ ಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬಿಪಿ ಇದ್ದವರು ಇದನ್ನು ಸುಮ್ನೆ ದಿನಾ ಕುಡಿಯುವ ಪಾನಕ ಮಾಡಿಕೊಳ್ಳಬೇಡಿ.

ಜಿಮ್ ಬಸ್ಯಾ, 8:52

ಸರಿ ಸೋತೆ. ಆದರೆ ಮೆಗ್ನೀಸಿಯಂ ಮಾತ್ರೆ? ಇನ್‌ಸ್ಟಾದಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ.

ಮಾತ್ರೆ ಅಂಗಡಿ, 9:06

ಮಾರಿದರೆ ನನಗೇ ಲಾಭ, ಆದರೂ ಹೇಳುತ್ತೇನೆ. ವಯಸ್ಸಾದವರ ರಾತ್ರಿ ಸೆಳೆತಕ್ಕೆ ಮೆಗ್ನೀಸಿಯಂ ಕೊಟ್ಟು ನೋಡಿದ ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿದಾಗ ಹೇಳಿಕೊಳ್ಳುವ ಪ್ರಯೋಜನ ಕಾಣಲಿಲ್ಲ. ನಿಜವಾಗಿ ಕೊರತೆ ಇದ್ದರೆ ಮಾತು ಬೇರೆ. ಗ್ಯಾಸ್ ಮಾತ್ರೆ, ಅದೇ ಪ್ಯಾಂಟೊಪ್ರಜೋಲ್ ಥರದ್ದನ್ನು, ವರ್ಷಗಟ್ಟಲೆ ನುಂಗುವವರಲ್ಲಿ ಮೆಗ್ನೀಸಿಯಂ ಇಳಿಯಬಹುದು. ನೀರು ಹೋಗುವ ಮಾತ್ರೆ, ಕುಡಿತ, ನಿಲ್ಲದ ಭೇದಿ ಇವೂ ಇಳಿಸುತ್ತವೆ. ಮೆಗ್ನೀಸಿಯಂ ಇಳಿದಿದ್ದರೆ ಕಿಡ್ನಿ ಪೊಟ್ಯಾಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಎಷ್ಟು ಸಿರಪ್ ಕುಡಿಸಿದರೂ ತೂತಿನ ಕೊಡ. ಅದಕ್ಕೇ ಎದೆಬಡಿತ ತಪ್ಪಿದವರಿಗೆ ಡಾಕ್ಟರು ಎರಡನ್ನೂ ನೋಡುವುದು. ಕಿಡ್ನಿ ಸರಿ ಇಲ್ಲದವರಿಗೆ ಮೆಗ್ನೀಸಿಯಂ ಮಾತ್ರೆಯೂ ಬೇಡ.

ರಾತ್ರಿ ಸೆಳೆತಕ್ಕೆ ಎಷ್ಟೋ ಸಲ ಉಪ್ಪೂ ಕಾರಣ ಅಲ್ಲ, ದಣಿದ ಸ್ನಾಯು ಅಷ್ಟೇ. ಹಿಡಿದಾಗ ಮಂಡಿ ನೇರ ಮಾಡಿ ಹೆಬ್ಬೆರಳನ್ನು ನಿಮ್ಮ ಕಡೆಗೆ ಎಳೆಯಿರಿ. ಅಮೆರಿಕದಲ್ಲಿ ಉಪ್ಪಿನಕಾಯಿ ರಸ ಕುಡಿಸಿ ನೋಡಿದ್ದಾರೆ, ಒಂದೂವರೆ ನಿಮಿಷದೊಳಗೆ ಸೆಳೆತ ಬಿಟ್ಟಿತು. ಅಷ್ಟು ಬೇಗ ಉಪ್ಪು ರಕ್ತಕ್ಕೆ ಹೋಗುವುದಿಲ್ಲ, ಗಂಟಲಿನ ಹುಳಿಗೇ ನರ ಬೆಚ್ಚಿ ಬಿಡುತ್ತದೆ ಅನ್ನುತ್ತಾರೆ. ಅವರ ಉಪ್ಪಿನಕಾಯಿ ಸೌತೆಯದ್ದು, ವಿನೆಗರ್. ನಮ್ಮ ಮಾವಿನಕಾಯಿ ಖಾರಕ್ಕೆ ಕಾಲಿನ ಜೊತೆ ಇನ್ನೂ ಏನೇನು ಎದ್ದೇಳುತ್ತದೋ.

ಕೌಲ್‌ಬಜಾರ್ ಹುಡುಗ, ಮಂಗಳವಾರ ರಾತ್ರಿ 7:30

ಎರಡು ದಿನ ಫೋನ್ ನೋಡಲು ಆಗಲಿಲ್ಲ. ಅಪ್ಪ ಚೆನ್ನಾಗಿದ್ದಾರೆ. ಪೊಟ್ಯಾಸಿಯಂ ಇವತ್ತು 4.9. ಡಯಾಲಿಸಿಸ್ ಬೇಕಾಗಲಿಲ್ಲ. ಅಕ್ಕ ಹೇಳಿದ ಕ್ರಮದಲ್ಲೇ ಎಲ್ಲಾ ನಡೆಯಿತು, ಗ್ಲೂಕೋಸ್ ಬಾಟಲಿ ಕಂಡು ಅಮ್ಮ ಜಗಳಕ್ಕೆ ಹೊರಟಿದ್ದರು, ತಡೆದೆ. ಮೊದಲ ಇಸಿಜಿಯ ಪಟ್ಟಿಯನ್ನು ಡಾಕ್ಟರ್ ತೋರಿಸಿದರು. ನಿಜ ಅಕ್ಕಾ, ಗುಡಾರವೇ. ಇವತ್ತಿನದು ಬಂಡೆ ಥರ ಆಗಿದೆ.

ಸ್ಪೈರೊನೊಲ್ಯಾಕ್ಟೋನ್ ತೆಗೆದರು. ಟೆಲ್ಮಿಸಾರ್ಟನ್ ಸದ್ಯಕ್ಕೆ ನಿಲ್ಲಿಸಿದ್ದಾರೆ, ವಾರ ಬಿಟ್ಟು ರಕ್ತ ನೋಡಿ ಹೇಳುತ್ತಾರಂತೆ. ಸೊಪ್ಪು, ಆಲೂಗಡ್ಡೆ ಹೆಚ್ಚಿ ಜಾಸ್ತಿ ನೀರಿನಲ್ಲಿ ಕುದಿಸಿ ಆ ನೀರು ಚೆಲ್ಲಬೇಕು ಅಂದಿದ್ದಾರೆ. ಬೇಳೆ ಕಟ್ಟು ಕೂಡ ಕಡಿಮೆ. ಕಟ್ಟಿನ ಸಾರಿಲ್ಲದೆ ಹೋಳಿಗೆ ಹೇಗೆ ತಿನ್ನುವುದು ಅಂತ ಅಮ್ಮ ನರ್ಸಮ್ಮನ ಹತ್ತಿರವೇ ಕೇಳಿದರು.

ನನ್ನ ಮೀನಖಂಡ: ಅಂಗಿ ನೋಡಿದೆ ಗಣಿ ಅಣ್ಣ, ಬೆನ್ನ ತುಂಬಾ ಭೂಪಟ. ನಿನ್ನೆಯಿಂದ ಉಪ್ಪು ಮಜ್ಜಿಗೆ ಎರಡು ಬಾಟಲಿ, ಒಂದು ಲೀಟರ್ ಓಆರ್‌ಎಸ್. ನಿನ್ನೆ ರಾತ್ರಿ ಹಿಡಿಯಲಿಲ್ಲ. ಆಸ್ಪತ್ರೆ ಬೆಂಚಿನ ಮೇಲೆ ನಿದ್ದೆಯೇ ಮಾಡಲಿಲ್ಲವಲ್ಲ, ಅದಕ್ಕೂ ಇರಬಹುದು.

ಇಸಿಜಿ ಅಕ್ಕ, 7:38

ಎದೆ ಮೇಲಿನ ಭಾರ ಇಳೀತು ತಮ್ಮಾ. ಅಪ್ಪ ಏನಂತಾರೆ?

ಕೌಲ್‌ಬಜಾರ್ ಹುಡುಗ, 7:44

ಎಳನೀರಿನವನ ಹತ್ತಿರ ಹದಿನಾಲ್ಕು ಕಾಯಿಯ ಲೆಕ್ಕ ಬಾಕಿ ಇದೆ, ಮೊದಲು ಕೊಟ್ಟು ಬಾ ಅನ್ನುತ್ತಿದ್ದಾರೆ.